ಪ್ಲೇಯರ್ ತೋರಿಸದ ಬೈಟುಗಳು: ವಿಡಿಯೊ ಫೈಲಿನೊಳಗಿನ ಲೆಕ್ಕ ತಾಳೆ

ಎಂಪಿ4 ಫೈಲನ್ನು ಯಾವ ಪ್ಲೇಯರೂ ಪೂರ್ತಿ ಓದುವುದಿಲ್ಲ. ಮೊದಲು ಅದು ಫೈಲಿನೊಳಗಿನ ಸೂಚಿಯನ್ನು ಹುಡುಕುತ್ತದೆ. ಯಾವ ಫ್ರೇಮು ಎಷ್ಟನೇ ಬೈಟಿನಲ್ಲಿ ಶುರು, ಎಷ್ಟು ಉದ್ದ, ತೆರೆಯ ಮೇಲೆ ಎಷ್ಟು ಹೊತ್ತು ಇರಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಸೂಚಿ ಹೇಳಿದ ಬೈಟುಗಳನ್ನಷ್ಟೇ ಎತ್ತಿಕೊಂಡು, ಉಳಿದದ್ದನ್ನು ಪ್ಲೇಯರ್ ದಾಟಿ ಹೋಗುತ್ತದೆ. ವಿಡಿಯೊದಲ್ಲಿ ಮಾಹಿತಿ ಅಡಗುವುದು ಹೆಚ್ಚಾಗಿ ಈ ‘ಉಳಿದದ್ದರಲ್ಲಿ’. ಪಹಣಿಯಲ್ಲಿರುವ ಎಕರೆಗೂ ಸರಪಳಿ ಹಿಡಿದು ಅಳೆದಾಗ ಸಿಗುವ ಎಕರೆಗೂ ವ್ಯತ್ಯಾಸವಿದ್ದರೆ ಸರ್ವೇಯರ್ ಏನು ಮಾಡುತ್ತಾನೋ, ಡಿಜಿಟಲ್ ಫೊರೆನ್ಸಿಕ್ಸ್ ಪರೀಕ್ಷಕರು ಮಾಡುವುದೂ ಅದನ್ನೇ. ಚಿತ್ರವನ್ನು ದಿಟ್ಟಿಸಿ ನೋಡುವ ಕೆಲಸ ಆಮೇಲಿನದು.

ಇದು ಬರಿಯ ಊಹೆಯ ಮಾತಲ್ಲ. 2011ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಬಂಧಿತನಾದ ಆಸ್ಟ್ರಿಯದ 22 ವರ್ಷದ ಯುವಕನೊಬ್ಬನ ಒಳಉಡುಪಿನಲ್ಲಿ ಮೆಮೊರಿ ಸಾಧನಗಳು ಸಿಕ್ಕವು. ಅವುಗಳಲ್ಲಿದ್ದ ಅಶ್ಲೀಲ ವಿಡಿಯೊ ಫೈಲಿನೊಳಗಿಂದ ಜರ್ಮನ್ ತನಿಖೆಗಾರರು ಅಲ್ ಖೈದಾಕ್ಕೆ ಸೇರಿದ ನೂರಕ್ಕೂ ಹೆಚ್ಚು ದಾಖಲೆಗಳನ್ನು ಹೊರತೆಗೆದರು. ಪಾಸ್‌ವರ್ಡ್ ಮುರಿಯಲು ವಾರಗಳೇ ಹಿಡಿದವು. ವಿಡಿಯೊ ಮಾತ್ರ ಮಾಮೂಲಿನಂತೆ ಓಡುತ್ತಿತ್ತು.

ಬೈಟುಗಳ ಲೆಕ್ಕ

ಎಂಪಿ4 ಮತ್ತು ಎಂಒವಿ (ಕ್ವಿಕ್‌ಟೈಮ್) ಫೈಲುಗಳು ಬಾಕ್ಸ್‌ಗಳ ಸಾಲು. ಪ್ರತಿ ಬಾಕ್ಸಿನ ಮೊದಲ 4 ಬೈಟು ಅದರ ಗಾತ್ರ, ಮುಂದಿನ 4 ಬೈಟು ಅದರ ಹೆಸರು. ಗಾತ್ರದ ಜಾಗದಲ್ಲಿ 1 ಇದ್ದರೆ ನಿಜವಾದ ಗಾತ್ರ ಹೆಸರಿನ ನಂತರದ 8 ಬೈಟುಗಳಲ್ಲಿದೆ ಎಂದರ್ಥ. 0 ಇದ್ದರೆ ಆ ಬಾಕ್ಸು ಫೈಲಿನ ಕೊನೆಯವರೆಗೂ ಹಬ್ಬಿದೆ. ‘ಎಫ್‌ಟಿವೈಪಿ’ ಬಾಕ್ಸು ಫೈಲಿನ ಜಾತಿ ಹೇಳುತ್ತದೆ. ‘ಎಂಡ್ಯಾಟ್’ನಲ್ಲಿ ಚಿತ್ರ ಮತ್ತು ಧ್ವನಿ. ‘ಮೂವ್’ ಬಾಕ್ಸಿನಲ್ಲಿ ಸೂಚಿ: ಅದರೊಳಗಿನ ‘ಎಸ್‌ಟಿಎಸ್‌ಝಡ್’ ಕೋಷ್ಟಕದಲ್ಲಿ ಪ್ರತಿ ಫ್ರೇಮಿನ ಗಾತ್ರ, ‘ಎಸ್‌ಟಿಸಿಒ’ ಕೋಷ್ಟಕದಲ್ಲಿ ಫ್ರೇಮುಗಳ ಗುಂಪು ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸ. ‘ಫ್ರೀ’, ‘ಸ್ಕಿಪ್’ ಎಂಬ ಬಾಕ್ಸುಗಳು ಹೆಸರಿಗೆ ಖಾಲಿ. ಒಳಗೆ ಏನಿದೆ ಎಂದು ಪ್ಲೇಯರ್ ನೋಡುವುದೇ ಇಲ್ಲ.

ಲೆಕ್ಕ ಹಾಕುವುದು ಹೀಗೆ. ಫೈಲಿನ ಒಳವಿವರ ತೋರಿಸುವ ಎಫ್‌ಎಫ್‌ಪ್ರೋಬ್ ತಂತ್ರಾಂಶಕ್ಕೆ ಎಲ್ಲ ಪ್ಯಾಕೆಟ್‌ಗಳ (ಫ್ರೇಮು ಮತ್ತು ಧ್ವನಿಯ ತುಂಡುಗಳ) ಸ್ಥಾನ ಮತ್ತು ಗಾತ್ರವನ್ನು ಪಟ್ಟಿ ಮಾಡಲು ಹೇಳಿ, ಪಟ್ಟಿಯನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಚಿತ್ರ, ಧ್ವನಿ ಎಲ್ಲ ಟ್ರ್ಯಾಕುಗಳ ಗಾತ್ರವನ್ನು ಕೂಡಿಸಬೇಕು. ಎಂಡ್ಯಾಟ್ ಬಾಕ್ಸಿನ ಗಾತ್ರ 12,84,30,592 ಬೈಟು, ಪ್ಯಾಕೆಟ್‌ಗಳ ಮೊತ್ತ 12,84,30,576 ಎಂದಿಟ್ಟುಕೊಳ್ಳಿ. ವ್ಯತ್ಯಾಸ 16. ಅದು ಬಾಕ್ಸಿನ ತಲೆಪಟ್ಟಿಯದೇ ಗಾತ್ರ (ಗಾತ್ರದ 4, ಹೆಸರಿನ 4, ನಿಜವಾದ ಗಾತ್ರದ 8 ಬೈಟು), ಅಲ್ಲಿಗೆ ಲೆಕ್ಕ ಸರಿಹೋಯಿತು. ವ್ಯತ್ಯಾಸ 40 ಎಂಬಿ ಬಂದರೆ ಸೂಚಿಗೆ ಗೊತ್ತಿಲ್ಲದ 40 ಎಂಬಿ ಒಳಗಿದೆ. ಸ್ಥಾನದ ಕಾಲಮ್ಮಿನ ಪ್ರಕಾರ ಜೋಡಿಸಿದರೆ ಯಾವ ಬೈಟಿನಿಂದ ಯಾವ ಬೈಟಿನವರೆಗೆ ಎಂಬುದೂ ಕಾಣುತ್ತದೆ. ಆ ತುಂಡನ್ನು, ಫೈಲನ್ನು ಬೈಟು ಬೈಟಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಕತ್ತರಿಸಿ ಬೇರೆ ಫೈಲಾಗಿ ಉಳಿಸಿಕೊಳ್ಳಬಹುದು. ಮೊದಲ ಫ್ರೇಮೇ ಎಂಡ್ಯಾಟ್ ಶುರುವಾಗಿ ಎಷ್ಟೋ ಎಂಬಿ ದಾಟಿದ ಮೇಲೆ ಬಂದರೆ, ಎನ್‌ಕ್ರಿಪ್ಟ್ ಆದ ಡಿಸ್ಕ್ ಕಂಟೇನರನ್ನು (ಫೈಲುಗಳನ್ನು ಪಾಸ್‌ವರ್ಡಿನ ಬೀಗ ಹಾಕಿ ಇಡುವ ಪೆಟ್ಟಿಗೆಯನ್ನು) ವಿಡಿಯೊದೊಳಗೆ ಹುದುಗಿಸಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ಜಿಪ್ ಫೈಲನ್ನು ವಿಡಿಯೊದ ಬಾಲಕ್ಕೆ ಅಂಟಿಸುವುದು ಇದಕ್ಕಿಂತ ಸುಲಭ. ಜಿಪ್ ಓದುವ ತಂತ್ರಾಂಶ ತನ್ನ ಸೂಚಿಯನ್ನು ಫೈಲಿನ ಕೊನೆಯಿಂದ ಹುಡುಕುತ್ತದೆ, ವಿಡಿಯೊ ಪ್ಲೇಯರ್ ಮೊದಲಿನಿಂದ ಹುಡುಕುತ್ತದೆ. ಹೀಗಾಗಿ ಒಂದೇ ಫೈಲು ಎರಡೂ ಆಗಿ ತೆರೆದುಕೊಳ್ಳುತ್ತದೆ.

ಇಲ್ಲಿ ಎಡವುವ ಜಾಗ ಎರಡು. ಕೆಲವು ಕ್ಯಾಮೆರಾಗಳು ಫ್ರೇಮುಗಳ ನಡುವೆ ತಾವಾಗಿಯೇ ಖಾಲಿ ಜಾಗ ಬಿಡುತ್ತವೆ. ಕೆಲವು ಕಿಲೋಬೈಟ್ ಹೆಚ್ಚು ಕಂಡ ಕೂಡಲೇ ಕೂಗೆಬ್ಬಿಸಬಾರದು. ಅದೇ ಮಾದರಿಯ ಕ್ಯಾಮೆರಾದಲ್ಲಿ ತೆಗೆದ, ಅನುಮಾನಕ್ಕೆಡೆಯಿಲ್ಲದ ಫೈಲನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡನೆಯದು ಎಂಟ್ರೊಪಿ, ಅಂದರೆ ಬೈಟುಗಳು ಎಷ್ಟು ಅಸ್ತವ್ಯಸ್ತವಾಗಿವೆ ಎಂಬುದರ ಅಳತೆ. ಎನ್‌ಕ್ರಿಪ್ಟ್ ಆದ ದತ್ತಾಂಶದ ಎಂಟ್ರೊಪಿ ಬೈಟಿಗೆ 8 ಬಿಟ್‌ಗೆ ತೀರಾ ಹತ್ತಿರವಿರುತ್ತದೆ, ಅದನ್ನು ನೋಡಿಯೇ ಕಂಡುಹಿಡಿಯಬಹುದು ಎಂದು ಹಲವು ಟ್ಯುಟೋರಿಯಲ್‌ಗಳು ಹೇಳುತ್ತವೆ. ವಿಡಿಯೊ ವಿಷಯದಲ್ಲಿ ಈ ಸಲಹೆ ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಎಚ್.264 ಎಂಬ ಸಾಮಾನ್ಯ ವಿಧಾನದಲ್ಲಿ ಕುಗ್ಗಿಸಿದ ಚಿತ್ರದ ಎಂಟ್ರೊಪಿಯೂ ಅಲ್ಲೇ ಸುತ್ತಾಡುತ್ತದೆ. ಬೈಟು ಲೆಕ್ಕವೇ ನಂಬಿಕಸ್ಥ. ಅದಕ್ಕೂ ಮೊದಲು ಒರಟಾದ ಅಂದಾಜು ಬೇಕಿದ್ದರೆ ಬಿಟ್‌ರೇಟ್ ನೋಡಿ: ಸೆಕೆಂಡಿಗೆ 17 ಮೆಗಾಬಿಟ್‌ನ ಒಂದು ನಿಮಿಷದ ವಿಡಿಯೊ 127.5 ಎಂಬಿ ಆಸುಪಾಸು ಇರಬೇಕು. 400 ಎಂಬಿ ಇದ್ದರೆ ಉಳಿದದ್ದು ಏನೆಂದು ಕೇಳಲೇಬೇಕು.

ಕತ್ತರಿಸಿದ್ದೂ ಉಳಿದಿರುತ್ತದೆ

ಬೇಕೆಂದು ಬಚ್ಚಿಟ್ಟ ಮಾಹಿತಿಗಿಂತ, ಅರಿವಿಲ್ಲದೆ ಉಳಿದುಹೋದ ಮಾಹಿತಿ ಪ್ರಕರಣಗಳಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದರಲ್ಲಿ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಎಡಿಟ್ ಲಿಸ್ಟ್.

ಕುಗ್ಗಿಸಿದ ವಿಡಿಯೊದಲ್ಲಿ ಎಲ್ಲ ಫ್ರೇಮುಗಳೂ ಪೂರ್ಣ ಚಿತ್ರಗಳಲ್ಲ. ಆಗೊಮ್ಮೆ ಈಗೊಮ್ಮೆ ಬರುವ ಕೀಫ್ರೇಮ್ ಮಾತ್ರ ಪೂರ್ಣ. ನಡುವಿನವು ಹಿಂದುಮುಂದಿನ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಹೀಗಾಗಿ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡದೆ (ಹೊಸದಾಗಿ ಕುಗ್ಗಿಸದೆ) ಕತ್ತರಿಸುವಾಗ ಎಲ್ಲೆಂದರಲ್ಲಿ ತುಂಡು ಮಾಡಲಾಗದು. ತಂತ್ರಾಂಶವು ಹಿಂದಿನ ಕೀಫ್ರೇಮಿನಿಂದಲೇ ಬೈಟುಗಳನ್ನು ಉಳಿಸಿಕೊಂಡು, ‘ಇಂಥ ಕ್ಷಣದಿಂದ ತೋರಿಸು’ ಎಂದು ಎಡಿಟ್ ಲಿಸ್ಟಿನಲ್ಲಿ ಬರೆದಿಡುತ್ತದೆ. ನೋಡುವವರಿಗೆ ಮುಂದಿನ ಭಾಗ ಮಾತ್ರ ಕಾಣುತ್ತದೆ, ಹಿಂದಿನದು ಫೈಲಿನಲ್ಲೇ ಇರುತ್ತದೆ. ಎಚ್.264 ವಿಡಿಯೊ ತಯಾರಿಸುವ ಎಕ್ಸ್264 ತಂತ್ರಾಂಶದ ಮೂಲ ಹೊಂದಾಣಿಕೆಯಲ್ಲಿ ಕೀಫ್ರೇಮುಗಳ ನಡುವಿನ ಅಂತರ ಗರಿಷ್ಠ 250 ಫ್ರೇಮು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು 10 ಸೆಕೆಂಡಿನವರೆಗೂ ಆಗಬಹುದು. ಜಗಳದ ವಿಡಿಯೊದಲ್ಲಿ ಮೊದಲ ಏಟು ಯಾರದು ಎಂಬುದು ಬಹಳ ಸಲ ಆ 10 ಸೆಕೆಂಡಿನಲ್ಲೇ ಇರುತ್ತದೆ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಎಡಿಟ್ ಲಿಸ್ಟನ್ನು ಕಡೆಗಣಿಸುವ ಆಯ್ಕೆಯಿದೆ. ಅದನ್ನು ಹಾಕಿ ಫ್ರೇಮುಗಳನ್ನು ಹೊರತೆಗೆದು, ಹಾಕದೆ ತೆಗೆದವುಗಳೊಂದಿಗೆ ಎಣಿಕೆ ಹೋಲಿಸಿದರೆ ಸಾಕು. ಐಫೋನ್ ಕೈಯಲ್ಲೇ ಇದ್ದರೆ ಇಷ್ಟೂ ಬೇಕಿಲ್ಲ: ಫೋಟೋಸ್ ಆ್ಯಪಿನಲ್ಲಿ ಟ್ರಿಮ್ ಮಾಡಿದ ವಿಡಿಯೊವನ್ನು ಹೊಸ ಕ್ಲಿಪ್ಪಾಗಿ ಉಳಿಸಿರದಿದ್ದರೆ, ಅದನ್ನು ಮೂಲ ರೂಪಕ್ಕೆ ಮರಳಿಸುವ ಗುಂಡಿ ಅಲ್ಲೇ ಇದೆ. ತನಿಖೆಯಲ್ಲಿ ಆ ಗುಂಡಿಯನ್ನು ಫೋನಿನಲ್ಲೇ ಒತ್ತಕೂಡದು. ಫೋನಿನ ಇಮೇಜ್ (ಒಳಸಂಗ್ರಹದ ಪೂರ್ತಿ ನಕಲು) ತೆಗೆದು, ಅದರೊಳಗಿಂದ ಮೂಲ ಫೈಲನ್ನು ಹುಡುಕಬೇಕು.

ಅಂಚು ಕತ್ತರಿಸಿದ ಚಿತ್ರದ ಕಥೆಯೂ ಹೀಗೇ. ಎಚ್.264 ಚಿತ್ರವನ್ನು 16 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತದೆ. 1080 ಅನ್ನು 16 ಭಾಗಿಸುವುದಿಲ್ಲ, ಆದ್ದರಿಂದ ಒಳಗೆ ಎನ್‌ಕೋಡ್ ಆಗುವುದು 1088 ಸಾಲು. ಕೆಳಗಿನ 8 ಸಾಲನ್ನು ಅಡಗಿಸು ಎಂಬ ಸೂಚನೆ ಜೊತೆಗಿರುತ್ತದೆ. ಇದು ಎಲ್ಲ ಫುಲ್ ಎಚ್‌ಡಿ ವಿಡಿಯೊದಲ್ಲೂ ಇರುವ ಮಾಮೂಲಿ ಸಂಗತಿ. ಆದರೆ ಇದೇ ಸೂಚನೆಯ ಸಂಖ್ಯೆಯನ್ನು ಬದಲಿಸಿದರೆ, ಮರುಎನ್‌ಕೋಡ್ ಮಾಡದೆಯೇ ಚಿತ್ರದ ಎಡ-ಬಲ ಎಷ್ಟನ್ನಾದರೂ ಮರೆಮಾಡಬಹುದು. ಮೀಡಿಯಾಇನ್ಫೋ ತಂತ್ರಾಂಶದ ಪೂರ್ಣ ವಿವರದಲ್ಲಿ ಶೇಖರಿತ ಗಾತ್ರ ಮತ್ತು ತೋರುವ ಗಾತ್ರ ಬೇರೆಬೇರೆಯಾಗಿ ಕಾಣುತ್ತವೆ. 8 ಸಾಲಿನ ಅಂತರವಾದರೆ ಬಿಟ್ಟುಬಿಡಿ. 300 ಪಿಕ್ಸೆಲ್ ಇದ್ದರೆ ಸೂಚನೆಯನ್ನು ಸೊನ್ನೆಯಾಗಿಸಿದ ಪ್ರತಿ ಮಾಡಿ ನೋಡಿ.

ಇನ್ನು ನಿಷ್ಕ್ರಿಯ ಟ್ರ್ಯಾಕು. ಪ್ರತಿ ಟ್ರ್ಯಾಕಿನ ತಲೆಪಟ್ಟಿಯಲ್ಲಿ ‘ಸಕ್ರಿಯ’ ಎಂಬ ಒಂದು ಬಿಟ್ ಇರುತ್ತದೆ, ಅದನ್ನು 0 ಮಾಡಿದರೆ ಆ ಟ್ರ್ಯಾಕನ್ನು ತೋರಿಸಬೇಡ ಎಂದರ್ಥ. ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೊ ಫೈಲುಗಳಲ್ಲಿ ಅದರ ಅಗತ್ಯವೂ ಇಲ್ಲ, ಯಾವ ಫೈಲನ್ನು ಬೇಕಾದರೂ ಲಗತ್ತಾಗಿ ಸೇರಿಸಬಹುದು. ಸಬ್‌ಟೈಟಲ್‌ನ ಫಾಂಟುಗಳು ಬರುವುದೂ ಹಾಗೆಯೇ.

ಗಡಿಯಾರಗಳನ್ನು ನಂಬುವ ಮುನ್ನ

ಎಂಪಿ4 ಒಳಗಿನ ಸೃಷ್ಟಿಯ ಸಮಯ 1904ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆ. ಹೆಕ್ಸ್ ಎಡಿಟರಿನಲ್ಲಿ 3788145000 ಎಂಬ ಬೆಲೆ ಸಿಕ್ಕಿತು ಎನ್ನಿ. ಅದರಿಂದ 2082844800 ಕಳೆದರೆ 1705300200 ಉಳಿಯುತ್ತದೆ. ಇದು ಯುನಿಕ್ಸ್ ಸಮಯ, ಅಂದರೆ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳು. ಬಿಡಿಸಿದರೆ 2024ರ ಜನವರಿ 15, ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಪ್ರಕಾರ ಬೆಳಿಗ್ಗೆ 6:30, ನಮ್ಮಲ್ಲಿ ಮಧ್ಯಾಹ್ನ 12 ಗಂಟೆ. ಈ ಐದೂವರೆ ಗಂಟೆಯೇ ಅನೇಕ ವರದಿಗಳನ್ನು ಕೆಡಿಸಿದೆ. ನಿಯಮದ ಪ್ರಕಾರ ಬರೆಯಬೇಕಾದದ್ದು ಯುಟಿಸಿ, ಆದರೆ ಕೆಲವು ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಐಫೋನ್ ಮಾತ್ರ ತನ್ನದೇ ಇನ್ನೊಂದು ಜಾಗದಲ್ಲಿ ವಲಯದ ಅಂತರವನ್ನೂ ಸೇರಿಸಿ ಬರೆಯುತ್ತದೆ, ಹಾಗಾಗಿ ಅದರೊಂದಿಗೆ ತಾಳೆ ನೋಡಬಹುದು.

ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೂಚಿಯ ಬಾಕ್ಸನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ಆದ್ದರಿಂದ ಸೃಷ್ಟಿಯ ಸಮಯ ಎಂದು ದಾಖಲಾಗುವುದು ವಿಡಿಯೊ ಮುಗಿದ ಸಮಯ. ಫೈಲಿನ ಹೆಸರಿನಲ್ಲಿರುವುದು ಶುರುವಾದ ಸಮಯ. ಎರಡರ ಅಂತರ ವಿಡಿಯೊದ ಅವಧಿಗೆ ಸಮನಾಗಿದ್ದರೆ ಫೈಲು ಮೂಲದ್ದು ಎಂಬ ವಾದಕ್ಕೆ ಬಲ ಬರುತ್ತದೆ. 10 ನಿಮಿಷದ ಅಂತರವಿದ್ದು ವಿಡಿಯೊ 4 ನಿಮಿಷದ್ದಾದರೆ, ನಡುವೆ ರೆಕಾರ್ಡಿಂಗನ್ನು ತಡೆಹಿಡಿದಿದ್ದರೇ ಅಥವಾ ಕತ್ತರಿಸಿದ್ದಾರೆಯೇ ಎಂದು ನೋಡಬೇಕು. ಸೃಷ್ಟಿಯ ಸಮಯ 1904 ಎಂದೇ ಬಂದರೆ ಗಾಬರಿ ಬೇಡ. ಆ ಜಾಗದಲ್ಲಿ ಸೊನ್ನೆ ಇದೆ ಎಂದಷ್ಟೇ ಅರ್ಥ, ಎಫ್‌ಎಫ್‌ಎಂಪೆಗ್ ಮೂಲಕ ಹಾದ ಫೈಲುಗಳಲ್ಲಿ ಇದು ಸಾಮಾನ್ಯ.

ಯಾವ ತಂತ್ರಾಂಶದ ಮೂಲಕ ಹಾದಿದೆ ಎಂಬುದನ್ನೂ ಫೈಲು ಹೇಳಿಬಿಡುತ್ತದೆ. ಎನ್‌ಕೋಡರ್ ಜಾಗದಲ್ಲಿ ‘ಲ್ಯಾವ್‌ಎಫ್ 58.76.100’ ಎಂದಿದ್ದರೆ ಅದು ಎಫ್‌ಎಫ್‌ಎಂಪೆಗ್ 4.4ರ ಗುರುತು. ಇದನ್ನು ಅಳಿಸುವುದು ಸುಲಭ. ಆದರೆ ಎಕ್ಸ್264 ತನ್ನ ಹೆಸರು, ಆವೃತ್ತಿ, ಬಳಸಿದ ಹೊಂದಾಣಿಕೆಗಳ ಇಡೀ ಸಾಲನ್ನು ಚಿತ್ರದ ಹರಿವಿನೊಳಗೇ, ಮೊದಲ ಕೀಫ್ರೇಮಿನ ಜೊತೆ, ಓದಬಹುದಾದ ಅಕ್ಷರಗಳಲ್ಲಿ ಬರೆದಿಡುತ್ತದೆ. ಮೆಟಾಡೇಟಾ (ಸಮಯ, ಸ್ಥಳದಂಥ ಜೊತೆಮಾಹಿತಿ) ಅಳಿಸುವ ಸಾಮಾನ್ಯ ಆ್ಯಪುಗಳು ಅಲ್ಲಿಯವರೆಗೆ ಕೈಹಾಕುವುದಿಲ್ಲ. ಫೋನಿನ ಕ್ಯಾಮೆರಾ ಎನ್‌ಕೋಡ್ ಮಾಡುವುದು ಚಿಪ್ಪಿನಲ್ಲಿರುವ ಹಾರ್ಡ್‌ವೇರ್ ಮೂಲಕ. ‘ಫೋನಿನಲ್ಲಿ ತೆಗೆದ ಮೂಲ ಫೈಲೇ ಇದು’ ಎಂದು ಕೊಟ್ಟದ್ದರಲ್ಲಿ ಎಕ್ಸ್264ರ ಸಾಲು ಸಿಕ್ಕರೆ ಆ ಹೇಳಿಕೆ ನಿಲ್ಲುವುದಿಲ್ಲ. ಹಾಗೆಂದು ತಿರುಚಿದ್ದಾರೆ ಎಂದೂ ಅಲ್ಲ. ಗಾತ್ರ ಕಡಿಮೆ ಮಾಡಲು ಯಾರೋ ಪರಿವರ್ತಿಸಿರಬಹುದು. ವರದಿಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ಬರೆಯದವರು ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ.

ಸ್ಥಳದ ಮಾಹಿತಿಗೆ ಆಂಡ್ರಾಯ್ಡ್ ಫೈಲಿನಲ್ಲಿ ಅಕ್ಷಾಂಶ-ರೇಖಾಂಶದ ಒಂದೇ ಸಾಲು ಸಿಗುತ್ತದೆ, ಅದೂ ಬಳಕೆದಾರರು ಅನುಮತಿ ಕೊಟ್ಟಿದ್ದರೆ. ಡ್ಯಾಶ್‌ಕ್ಯಾಮ್ ಮತ್ತು ಆ್ಯಕ್ಷನ್ ಕ್ಯಾಮೆರಾ ಈ ವಿಷಯದಲ್ಲಿ ಭಂಡಾರ. ನೊವಾಟೆಕ್ ಚಿಪ್ಪಿನ ಡ್ಯಾಶ್‌ಕ್ಯಾಮುಗಳು ಹೆಸರಿಗೆ ಖಾಲಿಯಾದ ಅದೇ ‘ಫ್ರೀ’ ಬಾಕ್ಸುಗಳಲ್ಲಿ ಜಿಪಿಎಸ್ ಸ್ಥಾನ ಮತ್ತು ವೇಗವನ್ನು ತುಂಬಿರುತ್ತವೆ. ಗೋಪ್ರೋ ಪ್ರತ್ಯೇಕ ಟ್ರ್ಯಾಕಿನಲ್ಲಿ ಚಲನೆಯ ಸಂವೇದಕಗಳ ಅಳತೆಗಳನ್ನೂ, ಜಿಪಿಎಸ್ ಇರುವ ಮಾದರಿಗಳಲ್ಲಿ ಸ್ಥಾನವನ್ನೂ ಬರೆಯುತ್ತದೆ. ಹೀರೋ 12ರಲ್ಲಿ ಜಿಪಿಎಸ್ ಇಲ್ಲ. ಮೆಟಾಡೇಟಾ ಓದುವ ಎಕ್ಸಿಫ್‌ಟೂಲ್ ತಂತ್ರಾಂಶಕ್ಕೆ ಒಳಹುದುಗಿದ ಮಾಹಿತಿಯನ್ನೂ ಹೊರತೆಗೆ ಎಂದು ಬೇರೆಯೇ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಇವು ಕಾಣುವುದೇ ಇಲ್ಲ. ಅಪಘಾತದ ಪ್ರಕರಣದಲ್ಲಿ ವೇಗ ಎಷ್ಟಿತ್ತು ಎಂಬ ಪ್ರಶ್ನೆಗೆ ತೆರೆಯ ಮೇಲೆ ಅಚ್ಚಾದ ಅಂಕಿಗಿಂತ ಇದು ಮೇಲು.

ಕರೆಂಟಿನ ಗುರುತು

ಫೈಲಿನೊಳಗಿನ ಗಡಿಯಾರವನ್ನು ಯಾರಾದರೂ ಬದಲಿಸಬಹುದು. ವಿದ್ಯುತ್ ಜಾಲದ ಆವರ್ತನವನ್ನು ಬದಲಿಸಲಾಗದು. ಭಾರತದಲ್ಲಿ ಅದು 50 ಹರ್ಟ್ಸ್. ಗ್ರಿಡ್ ಸಂಹಿತೆಯ ಪ್ರಕಾರ 49.90ರಿಂದ 50.05ರ ನಡುವೆ ಇರಬೇಕು, ಬೇಡಿಕೆ-ಪೂರೈಕೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಅದು ಅತ್ತಿತ್ತ ಓಲಾಡುತ್ತದೆ. ಆ ಓಲಾಟ ಒಂದು ಹೊತ್ತಿನದ್ದು ಇನ್ನೊಂದು ಹೊತ್ತಿನಂತಿರುವುದಿಲ್ಲ. ಫ್ಯಾನು, ಫ್ರಿಜ್ಜು, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವಿಕೆ ವಿಡಿಯೊದ ಧ್ವನಿಯಲ್ಲಿ ಸೇರಿರುತ್ತದೆ. ಅದನ್ನು ಸೋಸಿ, ಗ್ರಿಡ್ಡಿನ ದಾಖಲೆಯೊಂದಿಗೆ ಹೊಂದಿಸಿದರೆ ರೆಕಾರ್ಡಿಂಗ್ ಆದ ಸಮಯ ಸಿಗುತ್ತದೆ, ನಡುವೆ ಕತ್ತರಿಸಿದ್ದರೆ ಗೆರೆ ಹಠಾತ್ತನೆ ಜಿಗಿಯುತ್ತದೆ. ರೊಮೇನಿಯಾದಲ್ಲಿ ಬೆಳೆದ ಈ ವಿಧಾನವನ್ನು ಬ್ರಿಟನ್ನಿನ ಪೊಲೀಸ್ ಪ್ರಯೋಗಾಲಯಗಳು ನ್ಯಾಯಾಲಯದವರೆಗೂ ಒಯ್ದಿವೆ.

ನಮ್ಮಲ್ಲಿ ಇದಕ್ಕೊಂದು ವಿಚಿತ್ರ ಮಿತಿ ಉಂಟು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಸೇರಿತು. ಅಂದಿನಿಂದ ಇಡೀ ದೇಶ ಒಂದೇ ಆವರ್ತನದಲ್ಲಿ ಮಿಡಿಯುತ್ತಿದೆ. ಹೀಗಾಗಿ ಈ ಗುರುತು ‘ಯಾವಾಗ’ ಎಂದು ಹೇಳೀತೇ ಹೊರತು ಬೀದರೋ ಬನಾರಸೋ ಎಂದು ಹೇಳದು. ಹೊಂದಿಸಲು ಸೆಕೆಂಡು ಸೆಕೆಂಡಿನ ಗ್ರಿಡ್ ದಾಖಲೆ ಕೈಯಲ್ಲಿರಬೇಕು, ರೆಕಾರ್ಡಿಂಗ್ ಹತ್ತು ನಿಮಿಷವಾದರೂ ಇದ್ದರೆ ಒಳ್ಳೆಯದು. ಅರ್ಧ ನಿಮಿಷದ ವೈರಲ್ ಕ್ಲಿಪ್ಪಿಗೆ ಇದು ಒದಗದು. ಧ್ವನಿಯಿಲ್ಲದ ವಿಡಿಯೊದಲ್ಲಿ ದೀಪದ ಮಿನುಗಿನಿಂದ ತೆಗೆಯುವ ಪ್ರಯತ್ನಗಳಿವೆ. ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮಿನ ಕ್ಯಾಮೆರಾದಲ್ಲಿ ಅದು 10 ಹರ್ಟ್ಸ್ ಮಿನುಗಾಗಿ ಕಾಣಿಸಿಕೊಳ್ಳುತ್ತದೆ. 25 ಫ್ರೇಮಿನದರಲ್ಲಿ 100 ಸರಿಯಾಗಿ ಭಾಗವಾಗಿ ಮಿನುಗು ಹೆಚ್ಚುಕಡಿಮೆ ಮಾಯವಾಗುತ್ತದೆ.

ಪ್ರತಿ ಕ್ಯಾಮೆರಾದ ಸಂವೇದಕ ಚಿತ್ರದಲ್ಲಿ ಬಿಡುವ ತನ್ನದೇ ಸೂಕ್ಷ್ಮ ಗದ್ದಲದಿಂದ ಕ್ಯಾಮೆರಾ ಗುರುತಿಸುವ ವಿಧಾನದ ಮೇಲೆ 2006ರ ಸುಮಾರಿನಿಂದ ಗಟ್ಟಿ ಸಂಶೋಧನೆ ನಡೆದಿದೆ. ಸ್ಥಿರಚಿತ್ರಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ವಿಡಿಯೊದಲ್ಲಿ ಫೋನಿನ ಸ್ಟೆಬಿಲೈಸೇಶನ್ ಪ್ರತಿ ಫ್ರೇಮನ್ನೂ ಸ್ವಲ್ಪ ಸರಿಸಿ ತಿರುಗಿಸುವುದರಿಂದ ಪಿಕ್ಸೆಲ್‌ಗಳು ಜಾಗ ತಪ್ಪಿ ಲೆಕ್ಕ ಕೂಡುವುದಿಲ್ಲ. ಚಲನೆಯ ವೆಕ್ಟರ್‌ಗಳಲ್ಲಿ (ಚಿತ್ರದ ಚೌಕ ಎತ್ತ ಸರಿಯಿತು ಎಂಬ ಅಂಕಿಗಳಲ್ಲಿ) ಬಿಟ್ ಬಿಟ್ಟಾಗಿ ಸಂದೇಶ ಅಡಗಿಸುವ ಸ್ಟೆಗನೊಗ್ರಫಿಯ ಬಗ್ಗೆ ಬಂದಿರುವ ಲೇಖನಗಳ ರಾಶಿಗೆ ಹೋಲಿಸಿದರೆ ನಿಜ ಪ್ರಕರಣದಲ್ಲಿ ಅದರ ಪಾತ್ರ ಬಹಳ ಕಡಿಮೆ; ಒಂದು ಸಲ ಮರುಎನ್‌ಕೋಡ್ ಆದರೆ ಸಾಮಾನ್ಯವಾಗಿ ಅಂಥ ಸಂದೇಶ ಅಳಿದುಹೋಗುತ್ತದೆ.

ಅಳಿಸಿದ ಮೇಲೆ ಏನು ಸಿಗುತ್ತದೆ

ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್ ಪೆಟ್ಟಿಗೆಯಲ್ಲಿ ದೊಡ್ಡ ಶತ್ರು ಅಳಿಸುವವರಲ್ಲ, ಯಂತ್ರವೇ. 8 ಕ್ಯಾಮೆರಾ, ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ 172.8 ಜಿಬಿ. ಒಂದು ಟಿಬಿ ಡಿಸ್ಕು ಆರು ದಿನದೊಳಗೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುಮಾಡುತ್ತದೆ. ಘಟನೆ ನಡೆದು ವಾರವಾದ ಮೇಲೆ ಹೋದರೆ ಯಾವ ತಂತ್ರಾಂಶವೂ ನೆರವಾಗದು. ಫಾರ್ಮ್ಯಾಟ್ ಮಾತ್ರ ಮಾಡಿದ್ದರೆ ಆಸೆ ಇಟ್ಟುಕೊಳ್ಳಬಹುದು: ಸಾಮಾನ್ಯವಾಗಿ ಅಳಿಯುವುದು ಸೂಚಿ, ಚಿತ್ರದ ಬೈಟುಗಳು ಉಳಿದಿರುತ್ತವೆ. ಡಿಸ್ಕಿನ ಇಮೇಜಿನಲ್ಲಿ 00 00 00 01 67 ಎಂಬ ಸಾಲನ್ನು ಹುಡುಕಿದರೆ ಎಚ್.264 ಹರಿವಿನ ಆರಂಭಗಳು ಸಿಗುತ್ತವೆ. ಕೊನೆಯ ಬೈಟು 68 ಮತ್ತು 65 ಆಗಿರುವ ಇಂಥವೇ ಸಾಲುಗಳು ಅದರ ಹಿಂದೆಯೇ ಬರುತ್ತವೆ. ಎಂಪಿ4ನಲ್ಲಿ ಈ ಉಪಾಯ ನಡೆಯದು. ಅಲ್ಲಿ ಆರಂಭದ ಗುರುತಿನ ಬದಲು ಉದ್ದವನ್ನು ಬರೆದಿರುತ್ತಾರೆ, ಡಿಕೋಡ್ ಮಾಡಲು ಬೇಕಾದ ವಿವರ ಸೂಚಿಯೊಳಗೆ ಹೋಗಿರುತ್ತದೆ. ಬ್ಯಾಟರಿ ಸತ್ತು ಸೂಚಿ ಬರೆಯುವ ಮುನ್ನವೇ ನಿಂತುಹೋದ ಫೈಲನ್ನು ಅನ್‌ಟ್ರಂಕ್‌ನಂಥ ತಂತ್ರಾಂಶ ಸರಿಪಡಿಸೀತು, ಆದರೆ ಅದೇ ಕ್ಯಾಮೆರಾದಲ್ಲಿ ಅದೇ ಹೊಂದಾಣಿಕೆಯಲ್ಲಿ ತೆಗೆದ ಸರಿಯಾದ ಫೈಲೊಂದನ್ನು ಮಾದರಿಯಾಗಿ ಕೊಡಬೇಕು. ಈಗಿನ ಫೋನುಗಳ ಒಳಸಂಗ್ರಹದಿಂದ ಅಳಿಸಿದ ವಿಡಿಯೊವನ್ನು ಹೀಗೆ ಹೆಕ್ಕುವುದು ಹೆಚ್ಚುಕಡಿಮೆ ಅಸಾಧ್ಯ: ಎನ್‌ಕ್ರಿಪ್ಷನ್ ಒಂದು ಕಡೆ, ಖಾಲಿ ಜಾಗವನ್ನು ಕೂಡಲೇ ಸ್ವಚ್ಛಗೊಳಿಸುವ ಮೆಮೊರಿ ಇನ್ನೊಂದು ಕಡೆ.

ಡಿವಿಆರ್ ಮುಂದೆ ನಿಂತಾಗ ಮಾಡಬೇಕಾದ ಮೊದಲ ಕೆಲಸ, ತೆರೆಯ ಮೇಲಿನ ಅದರ ಗಡಿಯಾರವೂ ನೆಟ್‌ವರ್ಕ್ ಸಮಯ ತೋರುವ ಫೋನೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆಯುವುದು. ಗಡಿಯಾರ 23 ನಿಮಿಷ ಹಿಂದಿದೆ ಎಂದು ಆ ದಿನ ಮಹಜರಿನಲ್ಲಿ ಬರೆಯದಿದ್ದರೆ ಆಮೇಲೆ ಸಾಬೀತು ಮಾಡುವುದು ಕಷ್ಟ. ಎರಡನೆಯದು, ಎವಿಐಗೆ ಪರಿವರ್ತಿಸದೆ ಯಂತ್ರದ್ದೇ ಸ್ವರೂಪದಲ್ಲಿ, ಅದರ ಪ್ಲೇಯರ್ ಸಮೇತ ರಫ್ತು ಮಾಡುವುದು. ಪರಿವರ್ತಿಸಿದರೆ ಫ್ರೇಮು ಫ್ರೇಮಿನ ಸಮಯದ ಮುದ್ರೆ ಕಳೆದುಹೋಗಬಹುದು.

ಮೂಲ ಫೈಲು ಯಾರ ಕೈಯಲ್ಲಿದೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿಯ ಜಾಗಕ್ಕೆ ಬಂದಿದೆ. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದನ್ನು ಸಾಧನದ ಹೊಣೆ ಹೊತ್ತವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಮತ್ತು ಅದನ್ನು ಯಾವ ವಿಧಾನದಲ್ಲಿ ತೆಗೆದರು ಎಂಬುದನ್ನು ನಮೂದಿಸಬೇಕು. ನಮೂನೆಯಲ್ಲಿ ಎಂಡಿ5 ಎಂಬ ಹಳೆಯ ವಿಧಾನದ ಆಯ್ಕೆಯೂ ಇದೆ. ಒಂದೇ ಎಂಡಿ5 ಬರುವಂತೆ ಎರಡು ಬೇರೆ ಫೈಲು ತಯಾರಿಸಬಹುದು ಎಂಬುದು ಎಂದೋ ಸಾಬೀತಾಗಿರುವುದರಿಂದ ಎಸ್‌ಎಚ್‌ಎ-256 ಬಳಸುವುದೇ ಸರಿ. ಹ್ಯಾಶನ್ನು ಫೈಲು ಕೈಗೆ ಬಂದ ಕೂಡಲೇ, ಬೇರೆ ಯಾವ ತಂತ್ರಾಂಶದಲ್ಲೂ ತೆರೆಯುವ ಮೊದಲು ತೆಗೆದು, ಆಮೇಲಿನ ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡಬೇಕು.

ಕಾನೂನು ಇಷ್ಟು ಬಿಗಿಯಾದರೂ ಠಾಣೆಗೆ ಬರುವ ವಿಡಿಯೊಗಳಲ್ಲಿ ಬಹುಪಾಲು ವಾಟ್ಸ್‌ಆ್ಯಪ್ ದಾಟಿ ಬಂದವು. ವಾಟ್ಸ್‌ಆ್ಯಪ್ ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡಿ ಕಳಿಸುತ್ತದೆ. ಸ್ಥಳ, ಫೋನಿನ ಮಾದರಿ, ಎಡಿಟ್ ಲಿಸ್ಟಿನ ಹಿಂದೆ ಉಳಿದಿದ್ದ ಸೆಕೆಂಡುಗಳು, ಬಾಲಕ್ಕೆ ಅಂಟಿದ್ದ ಜಿಪ್ ಎಲ್ಲ ಅಲ್ಲಿಗೆ ಮುಗಿಯಿತು. ಹೆಸರಿನ ನಡುವೆ ‘ಡಬ್ಲ್ಯುಎ’ ಮತ್ತು ನಾಲ್ಕಂಕಿ ಇದ್ದರೆ ಅದು ಇಂಥ ಪ್ರತಿಯೇ, ಹೆಸರಿನಲ್ಲಿರುವ ದಿನಾಂಕ ಆ ಫೋನಿಗೆ ತಲುಪಿದ ದಿನದ್ದು; ಚಿತ್ರೀಕರಿಸಿದ ದಿನ ಎಂದು ಓದಬಾರದು. ಇಂಥ ಫೈಲಿನಲ್ಲಿ ಮೆಟಾಡೇಟಾ ಇಲ್ಲದಿರುವುದು ತಿರುಚಿದ್ದಕ್ಕೆ ಪುರಾವೆಯಲ್ಲ. ಕೃತಕ ಬುದ್ಧಿಮತ್ತೆಯಿಂದ ತಯಾರಾದ ವಿಡಿಯೊಗಳಿಗೆ ಕೆಲವು ಕಂಪನಿಗಳು ಸೇರಿಸುತ್ತಿರುವ, ವಿಡಿಯೊದ ಮೂಲ ಹೇಳುವ ಸಿ2ಪಿಎ ಎಂಬ ದೃಢೀಕರಣಕ್ಕೂ ಇದೇ ಗತಿ: ಅದು ಕೂಡ ಫೈಲಿನ ಒಂದು ಬಾಕ್ಸಿನಲ್ಲಿ ಕೂತಿರುವ ದತ್ತಾಂಶವೇ. ಅದು ಸಿಕ್ಕರೆ ಒಳ್ಳೆಯ ಪುರಾವೆ, ಸಿಗದಿದ್ದರೆ ಅದರಿಂದ ಏನೂ ಹೇಳಲಾಗದು.

ವಿಡಿಯೊ ತೆಗೆದವರಿಂದಲೇ ಫೈಲು ಬೇಕಿದ್ದರೆ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಲು ಹೇಳಬೇಕು. ಆಗ ಬೈಟುಗಳು ಬದಲಾಗುವುದಿಲ್ಲ, ಕಳಿಸುವ ಮುನ್ನ ತೆಗೆದ ಹ್ಯಾಶ್ ಮತ್ತು ಬಂದ ಮೇಲಿನ ಹ್ಯಾಶ್ ಒಂದೇ ಇರುತ್ತದೆ. ಫೋನನ್ನೇ ವಶಪಡಿಸಿಕೊಂಡಿದ್ದರೆ, ಇಮೇಜ್ ತೆಗೆದ ಮೇಲೆ ಅದೇ ಕ್ಯಾಮೆರಾ ಆ್ಯಪಿನಲ್ಲಿ, ಅದೇ ರೆಸಲ್ಯೂಶನ್ನಿನಲ್ಲಿ ಒಂದೆರಡು ನಿಮಿಷದ ಮಾದರಿ ವಿಡಿಯೊ ತೆಗೆದು, ಹಾಗೆ ತೆಗೆದದ್ದನ್ನು ದಾಖಲಿಸಿ, ಪ್ರಕರಣದ ಫೈಲಿನ ಜೊತೆ ಪ್ರಯೋಗಾಲಯಕ್ಕೆ ಕಳಿಸುವುದು ವಾಡಿಕೆಯಾಗಬೇಕು. ಬಾಕ್ಸುಗಳ ಕ್ರಮ, ತಲೆಪಟ್ಟಿಯ ಗಾತ್ರ, ಕೀಫ್ರೇಮಿನ ಅಂತರ ಎಲ್ಲವನ್ನೂ ಹೋಲಿಸಲು ಆ ಮಾದರಿ ಬೇಕೇ ಬೇಕು. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ ಇವುಗಳಲ್ಲಿ ಕೆಲವು ಬದಲಾಗಬಹುದು, ಆದ್ದರಿಂದ ವಶಕ್ಕೆ ಬಂದ ಫೋನನ್ನು ಮೊದಲ ದಿನವೇ ನೆಟ್‌ವರ್ಕಿನಿಂದ ಬೇರ್ಪಡಿಸಿಡಬೇಕು.